ಕೈ ನೋಡುವ ಪರೀಕ್ಷೆಗೆ ಬಾಯಿಪಾಠದ ಗ್ಯಾರಂಟಿ

ಕಳೆದ ತಿಂಗಳು ತಾಲ್ಲೂಕು ಕಚೇರಿ ಎದುರಿನ ಟೀ ಅಂಗಡಿಯಲ್ಲಿ ಪರಿಚಯದ ರೈತರೊಬ್ಬರು ಸಿಕ್ಕರು. ಪಹಣಿ ತೆಗೆಸಲು ಬಂದಿದ್ದರು. ಬೆಳೆ ಸಾಲಕ್ಕಾ ಅಂತ ಕೇಳಿದೆ. "ಅಲ್ಲ ಸಾರ್, ಮಗನ ಕೋರ್ಸಿಗೆ" ಅಂದರು. ಜೇಬಿನಿಂದ ಫೋನ್ ತೆಗೆದು ವಾಟ್ಸಾಪಿನಲ್ಲಿ ಬಂದಿದ್ದ ಒಂದು ಪೋಸ್ಟರ್ ತೋರಿಸಿದರು. ಬೆಂಗಳೂರಿನ ಒಂದು ತರಬೇತಿ ಕೇಂದ್ರದ್ದು. "90 ದಿನದಲ್ಲಿ ಸಿಸಿಐಇ. ಪಾಸ್ ಗ್ಯಾರಂಟಿ. ಕೆಲಸ ಗ್ಯಾರಂಟಿ. ತಿಂಗಳಿಗೆ ಲಕ್ಷ ಸಂಬಳ." ಕೆಳಗೆ ಕೋಟು ಹಾಕಿ ಕೈ ಕಟ್ಟಿ ನಿಂತ ಹುಡುಗನ ಫೋಟೊ.

"ಎರಡೂವರೆ ಲಕ್ಷ ಕೇಳ್ತಾವ್ರೆ ಸಾರ್. ನೀವು ಪೇಪರ್‌ನೋರು, ನಿಮಗೆ ಗೊತ್ತಿರ್ತದೆ. ಇದು ನಿಜಾನಾ, ಟೋಪಿನಾ?"

ಅವತ್ತು ನನಗೆ ಸರಿಯಾದ ಉತ್ತರ ಹೇಳಲಾಗಲಿಲ್ಲ. ಎರಡು ದಿನ ಟೈಮ್ ಕೇಳಿದೆ. ಆ ಕ್ಷೇತ್ರದಲ್ಲಿ ಕೆಲಸ ಮಾಡುವ ಗೆಳೆಯರನ್ನು ಮಾತಾಡಿಸಿದೆ, ಆ ಪರೀಕ್ಷೆಯ ನಿಯಮಗಳನ್ನು ಓದಿದೆ. ಈಗ ಉತ್ತರ ಸಿಕ್ಕಿದೆ. ಅವರೊಬ್ಬರಿಗೆ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಇಂಥ ಪೋಸ್ಟರ್ ಇವತ್ತು ಎಷ್ಟೋ ಮನೆಯ ಫೋನಿಗೆ ಬರುತ್ತಿದೆ. ಹಾಗಾಗಿ ಎಲ್ಲರಿಗೂ ಹೇಳುತ್ತೇನೆ: ಪರೀಕ್ಷೆ ನಿಜ. ಗ್ಯಾರಂಟಿ ಟೋಪಿ. ಪರೀಕ್ಷೆ ಅಷ್ಟು ನಿಜವಾಗಿರುವುದರಿಂದಲೇ ಗ್ಯಾರಂಟಿ ಟೋಪಿ.

ಮೊದಲು ಪರೀಕ್ಷೆ ಏನು ಅಂತ ನೋಡೋಣ.

ಸಿಸಿಐಇ ಅಂದರೆ ಸಿಸ್ಕೊ ಸರ್ಟಿಫೈಡ್ ಇಂಟರ್‌ನೆಟ್‌ವರ್ಕ್ ಎಕ್ಸ್‌ಪರ್ಟ್. ಸಿಸ್ಕೊ ಎನ್ನುವುದು ನೆಟ್‌ವರ್ಕ್ ಪೆಟ್ಟಿಗೆಗಳನ್ನು, ಅಂದರೆ ರೂಟರ್ ಮತ್ತು ಸ್ವಿಚ್‌ಗಳನ್ನು ತಯಾರಿಸುವ ಅಮೆರಿಕದ ಕಂಪನಿ. 1993ರಲ್ಲಿ ಈ ಪರೀಕ್ಷೆ ಶುರು ಮಾಡಿತು. ಪಾಸಾದ ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಡುತ್ತಾರೆ. ಮೊದಲ ನಂಬರ್ 1024 ಅನ್ನು ಯಾವ ಮನುಷ್ಯನಿಗೂ ಕೊಡದೆ ಪರೀಕ್ಷೆ ನಡೆಯುವ ಲ್ಯಾಬಿಗೇ ಕೊಟ್ಟರು. ಮನುಷ್ಯರ ಲೆಕ್ಕ ಅದರ ನಂತರ. ಲ್ಯಾಬ್ ಮುಂದೆ, ಮನುಷ್ಯ ಹಿಂದೆ. ಈ ಪರೀಕ್ಷೆಯ ಗುಣ ಅಷ್ಟರಲ್ಲೇ ಗೊತ್ತಾಗುತ್ತದೆ.

ಎರಡು ಹಂತ ಇದೆ. ಮೊದಲು 2 ಗಂಟೆಯ ಬರವಣಿಗೆ ಪರೀಕ್ಷೆ, ಕಂಪ್ಯೂಟರಿನ ಮೇಲೆ. ಅದರ ಶುಲ್ಕ 400 ಡಾಲರ್. ಅದು ಪಾಸಾದರೆ ಲ್ಯಾಬ್ ಪರೀಕ್ಷೆ, ಒಂದೇ ದಿನ 8 ಗಂಟೆ. ಶುಲ್ಕ 1,600 ಡಾಲರ್. 2020ರ ಹೊಸ ಪದ್ಧತಿಯಲ್ಲಿ ಈ 8 ಗಂಟೆಯನ್ನು ಎರಡು ಭಾಗ ಮಾಡಿದ್ದಾರೆ. ಮೊದಲ 3 ಗಂಟೆ ಯೋಜನೆಯ ಭಾಗ: ಒಂದು ಕಂಪನಿಯ ನಕ್ಷೆ, ಪತ್ರ, ತಕರಾರುಗಳನ್ನು ಮುಂದಿಟ್ಟು "ಇಲ್ಲಿ ಏನು ಮಾಡಬೇಕು, ಯಾಕೆ" ಅಂತ ಕೇಳುತ್ತಾರೆ. ಉಳಿದ 5 ಗಂಟೆ ಕೈಕೆಲಸ: ನೆಟ್‌ವರ್ಕ್ ಕಟ್ಟಬೇಕು, ಓಡಿಸಬೇಕು, ಅವರು ಕೆಡಿಸಿಟ್ಟಿದ್ದನ್ನು ಹುಡುಕಿ ಸರಿ ಮಾಡಬೇಕು. ಫೋನ್ ಒಳಗೆ ಬಿಡುವುದಿಲ್ಲ, ಚೀಟಿ ಬಿಡುವುದಿಲ್ಲ.

2001ಕ್ಕೆ ಮುಂಚೆ ಇದು ಎರಡು ದಿನದ ಪರೀಕ್ಷೆ ಆಗಿತ್ತು. ಎರಡನೇ ದಿನ ಅಭ್ಯರ್ಥಿ ಊಟಕ್ಕೆ ಎದ್ದು ಹೋದಾಗ, ಅವನು ಕಷ್ಟಪಟ್ಟು ಕಟ್ಟಿದ್ದನ್ನು ಪರೀಕ್ಷಕರೇ ಬೇಕಂತಲೇ ಕೆಡಿಸಿಡುತ್ತಿದ್ದರು. ಊಟ ಮುಗಿಸಿ ಬಂದು ಅದನ್ನು ಹುಡುಕಿ ರಿಪೇರಿ ಮಾಡಬೇಕು. ಮೋಟರ್ ಕಟ್ಟಲು ಕಲಿತ ಹುಡುಗನಿಗೆ ಒಳ್ಳೆ ಮೇಸ್ತ್ರಿ ಇಡುವ ಪರೀಕ್ಷೆಯೂ ಇದೇ ತಾನೇ?

ಈ ಪರೀಕ್ಷೆಗೆ ಕೂರಲು ಡಿಗ್ರಿ ಕೇಳುವುದಿಲ್ಲ, ಕಾಲೇಜಿನ ಹೆಸರು ಕೇಳುವುದಿಲ್ಲ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕೇಳುವುದಿಲ್ಲ, ಯಾರ ಕಡೆಯವನು ಅಂತಲೂ ಕೇಳುವುದಿಲ್ಲ. ಲ್ಯಾಬ್ ಇರುವ ಊರುಗಳು ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು, ಅವುಗಳಲ್ಲಿ ನಮ್ಮ ಬೆಂಗಳೂರೂ ಒಂದು. ಹಳ್ಳಿ ಹುಡುಗನಿಗೆ ಇದಕ್ಕಿಂತ ನ್ಯಾಯವಾದ ಅಳತೆಗೋಲು ಸಿಗುವುದು ಕಷ್ಟ. ನನ್ನ ಸಿಟ್ಟು ಇರುವುದು ಈ ಅಳತೆಗೋಲನ್ನೇ ಮುರಿದು ನಮಗೆ ಮಾರುತ್ತಿರುವವರ ಮೇಲೆ.

ನೆಟ್‌ವರ್ಕ್ ಕೆಲಸ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಕೆರೆ ಅಚ್ಚುಕಟ್ಟು ಇರುವ ಊರಿನವರಿಗೆ ನೀರುಗಂಟಿ ಗೊತ್ತು. ಯಾವ ತೂಬು ಎಷ್ಟು ಎತ್ತಬೇಕು, ಯಾವ ಕಾಲುವೆಗೆ ಯಾವಾಗ ನೀರು ಬಿಡಬೇಕು, ಎಲ್ಲಿ ಏರಿ ಒಡೆದರೆ ಯಾವ ಗದ್ದೆ ಒಣಗುತ್ತದೆ, ಇದೆಲ್ಲ ಅವನಿಗೆ ಗೊತ್ತು. ನೆಟ್‌ವರ್ಕ್ ಎಂಜಿನಿಯರ್ ಮಾಡುವುದೂ ಅದನ್ನೇ. ನೀರಿನ ಬದಲು ಮಾಹಿತಿಯ ಪೊಟ್ಟಣಗಳು, ತೂಬಿನ ಬದಲು ರೂಟರ್. ನೀರುಗಂಟಿಯನ್ನು ಯಾರಾದರೂ ಪ್ರಶ್ನೋತ್ತರ ಪುಸ್ತಕ ಕೊಟ್ಟು ತಯಾರು ಮಾಡಿದ್ದುಂಟಾ? ಅಪ್ಪನ ಜೊತೆ ರಾತ್ರಿ ಲಾಟೀನು ಹಿಡಿದು ಕಾಲುವೆ ಉದ್ದಕ್ಕೂ ನಡೆದೇ ಅವನು ನೀರುಗಂಟಿಯಾದದ್ದು.

ಒಂದು ಉದಾಹರಣೆ ಕೊಡುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ. ಎರಡು ರೂಟರ್‌ಗಳು ತಮ್ಮತಮ್ಮ ದಾರಿಗಳ ವಿಷಯ ಮಾತಾಡಿಕೊಳ್ಳಲು ಓಎಸ್‌ಪಿಎಫ್ ಎಂಬ ಒಂದು ವ್ಯವಸ್ಥೆ ಇದೆ. ತಂತಿ ಸರಿ ಇದೆ. ಈ ಕಡೆಯಿಂದ ಆ ಕಡೆಗೆ ಪಿಂಗ್ ಮಾಡಿದರೆ, ಅಂದರೆ ಕೂಗಿದರೆ, ಓಗೊಡುತ್ತದೆ. ಆದರೂ ಎರಡಕ್ಕೂ ಹೊಂದಾಣಿಕೆ ಆಗುವುದಿಲ್ಲ. "ಎಕ್ಸ್‌ಸ್ಟಾರ್ಟ್" ಎಂಬ ಹಂತದಲ್ಲೇ ಮುನಿಸಿಕೊಂಡವರ ಹಾಗೆ ನಿಂತಿರುತ್ತವೆ. ಕಾರಣ ಏನು? ಒಂದು ಸಲಕ್ಕೆ ಎಷ್ಟು ದೊಡ್ಡ ಪೊಟ್ಟಣ ಸಾಗಿಸಬಹುದು ಎಂಬುದಕ್ಕೆ ಎಂಟಿಯು ಅಂತ ಒಂದು ಅಳತೆ ಇದೆ. ಒಂದು ಕಡೆ 1500 ಬೈಟ್ ಅಂತ ಇಟ್ಟು ಇನ್ನೊಂದು ಕಡೆ 1400 ಅಂತ ಇಟ್ಟಿದ್ದಾರೆ. ಚಿಕ್ಕ ಅಳತೆಯವನು ದೊಡ್ಡ ಅಳತೆಯವನ ಪಟ್ಟಿಯನ್ನು ತೆಗೆದುಕೊಳ್ಳಲು ಒಪ್ಪುವುದಿಲ್ಲ. ಪಿಂಗ್ ಚಿಕ್ಕ ಪೊಟ್ಟಣ, ಅದು ಸಲೀಸಾಗಿ ಹೋಗುತ್ತದೆ. ಮೋರಿ ಮೇಲೆ ಬೈಕ್ ಹೋಯಿತು, ಹಾಗಾಗಿ ಕಬ್ಬಿನ ಲಾರಿಯೂ ಹೋಗುತ್ತದೆ ಅಂತ ತಿಳಿದವನು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾನೆ.

ಬಾಯಿಪಾಠ ಮಾಡಿದವನಿಗೆ "ಎಂಟಿಯು ಅಂದರೇನು" ಎಂಬ ಪ್ರಶ್ನೆಗೆ ಉತ್ತರ ಗೊತ್ತು. ಆದರೆ ಲ್ಯಾಬಿನಲ್ಲಿ ಯಾರೂ ಆ ಪ್ರಶ್ನೆ ಕೇಳುವುದಿಲ್ಲ. "ಈ ಆಫೀಸಿನಿಂದ ಆ ಆಫೀಸಿಗೆ ಸಂಪರ್ಕ ಇಲ್ಲ, ಸರಿ ಮಾಡು" ಅನ್ನುತ್ತಾರೆ, ಅಷ್ಟೇ. ತಪ್ಪು ಎಲ್ಲಿದೆ ಅಂತ ತಾನೇ ಹುಡುಕಬೇಕು. ಗಡಿಯಾರ ಓಡುತ್ತಿರುತ್ತದೆ. ಹತ್ತು ಸಲ ತಾನೇ ಕೆಡಿಸಿ ತಾನೇ ಸರಿ ಮಾಡಿದವನ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಉಳಿದವರ ಕೈ ಬೆವರುತ್ತದೆ.

ಈಗ ಆ ಪೋಸ್ಟರಿನ "ಪಾಸ್ ಗ್ಯಾರಂಟಿ"ಗೆ ಬರೋಣ. ಪರೀಕ್ಷೆ ಇಡುವವರು ಬೇರೆ, ತಿದ್ದುವವರು ಬೇರೆ, ಬರೆಯುವವನು ನಿಮ್ಮ ಮಗ. ಮಧ್ಯೆ ಕೋಚಿಂಗ್ ಕೇಂದ್ರದವನು ಯಾವ ಧೈರ್ಯದ ಮೇಲೆ ಗ್ಯಾರಂಟಿ ಕೊಡುತ್ತಾನೆ? ಒಂದೇ ದಾರಿ ಇದೆ. ಯಾರೋ ಕದ್ದು ತಂದ ಪ್ರಶ್ನೆಗಳನ್ನು ಮಾರುವುದು. ಆ ಧಂಧೆಯಲ್ಲಿ ಇದಕ್ಕೆ "ಡಂಪ್" ಅಂತಾರೆ. ಹಿಂದೆ ಪರೀಕ್ಷೆ ಬರೆದವರು ನೆನಪಿಟ್ಟುಕೊಂಡು ಬಂದು ಹೇಳಿದ ಪ್ರಶ್ನೆಗಳ ಕಟ್ಟು. ಹುಡುಗ 90 ದಿನ ಕೂತು ಅದೇ ನಕ್ಷೆ, ಅದೇ ಕಮಾಂಡ್, ಅದೇ ಸಾಲು ಉರು ಹೊಡೆಯುತ್ತಾನೆ. ಅದಕ್ಕೆ ಎರಡೂವರೆ ಲಕ್ಷ.

ಪ್ರಶ್ನೆ ಬದಲಾದರೆ? ಅವನು ಫೇಲು. ಸಿಕ್ಕಿಬಿದ್ದರೆ? ಕಂಪನಿ ಅವನನ್ನು ನಿಷೇಧಿಸಬಹುದು, ಇರುವ ಸರ್ಟಿಫಿಕೇಟುಗಳನ್ನೂ ಕಿತ್ತುಕೊಳ್ಳಬಹುದು. ಗಮನಿಸಿ: ಅರ್ಜಿಯಲ್ಲಿ ಹೆಸರು ಹುಡುಗನದ್ದು, ಗುರುತಿನ ಚೀಟಿ ಹುಡುಗನದ್ದು, ನಿಯಮಗಳಿಗೆ ಒಪ್ಪಿಗೆ ಕೊಟ್ಟವನೂ ಹುಡುಗನೇ. ಡಂಪ್ ಮಾರಿದವನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಜಾಮೀನು ಹಾಕಿದವನು ಓಡಿಹೋದರೆ ಸಾಲಗಾರನ ಕತೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ವಿಷಯ. ಆ ಪೋಸ್ಟರನ್ನು ನಾನು ದೊಡ್ಡದು ಮಾಡಿ ನೋಡಿದೆ. ತಳದಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ "ಪರೀಕ್ಷಾ ಶುಲ್ಕ ಪ್ರತ್ಯೇಕ" ಅಂತ ಇತ್ತು. ಡಾಲರಿಗೆ 85 ರೂಪಾಯಿ ಅಂತ ಹಿಡಿಯಿರಿ. ಲ್ಯಾಬಿಗೆ 1,36,000, ಬರವಣಿಗೆ ಪರೀಕ್ಷೆಗೆ 34,000. ಒಟ್ಟು 1,70,000 ರೂಪಾಯಿ, ಮೇಲೆ ತೆರಿಗೆ. ಅಂದರೆ ಎರಡೂವರೆ ಲಕ್ಷ ಎಂದು ಹೇಳಿದ್ದು ನಾಲ್ಕು ಲಕ್ಷ ದಾಟುತ್ತದೆ. ಲ್ಯಾಬ್ ಫೇಲಾದರೆ ಮತ್ತೆ 1,36,000. ಪೂರ್ತಿ ಶುಲ್ಕ ಹೊಸದಾಗಿ ಕಟ್ಟಬೇಕು. ಒಂದೇ ಸಲಕ್ಕೆ ಪಾಸಾಗದೆ ಎರಡು, ಮೂರು ಸಲ ಕೂತವರು ಈ ಕ್ಷೇತ್ರದಲ್ಲಿ ಎಲ್ಲೆಲ್ಲೂ ಸಿಗುತ್ತಾರೆ, ಅವರು ಅದನ್ನು ನಾಚಿಕೆ ಇಲ್ಲದೆ ಹೇಳಿಕೊಳ್ಳುತ್ತಾರೆ. ಪಾಸಾದ ಮೇಲೂ 3 ವರ್ಷಕ್ಕೊಮ್ಮೆ ನವೀಕರಿಸಬೇಕು. ಇದೆಲ್ಲ ಆ ರೈತರಿಗೆ ಯಾರೂ ಹೇಳಿರಲಿಲ್ಲ.

ನಾನು ಹೀಗೆ ಬರೆದರೆ ಬರುವ ಮೊದಲ ಉತ್ತರ ನನಗೆ ಗೊತ್ತು. "ಪೇಟೆ ಹುಡುಗರಿಗೆ ಇಂಗ್ಲಿಷ್ ಇದೆ, ಲ್ಯಾಪ್‌ಟಾಪ್ ಇದೆ, ಗುರುತಿನವರಿದ್ದಾರೆ. ನಮ್ಮ ಹುಡುಗರಿಗೆ ಏನಿದೆ? ಡಂಪ್ ಒಂದೇ ದಾರಿ. ಬಡವನ ಅಡ್ಡದಾರಿಗೂ ಕಲ್ಲು ಹಾಕಬೇಡ್ರಿ."

ಈ ಮಾತಿನಲ್ಲಿರುವ ನೋವು ನಿಜ. ಲೆಕ್ಕ ತಪ್ಪು. ಯೋಚನೆ ಮಾಡಿ, ಡಂಪ್ ಕೊಳ್ಳಲು ಹೆಚ್ಚು ದುಡ್ಡಿರುವವನು ಯಾರು? ಪೇಟೆಯವನೇ. ಹೊಸ ಡಂಪ್ ಮೊದಲು ತಲುಪುವುದು ಯಾರಿಗೆ? ಅವನಿಗೇ. ಕದ್ದ ಪ್ರಶ್ನೆಯ ಸಂತೆಯಲ್ಲಿ ಬಡವ ಯಾವತ್ತೂ ಹಿಂದೆಯೇ. ಬಡವನ ಹತ್ತಿರ ಇರುವುದು ಸಮಯ, ಹಟ ಮತ್ತು ಕೈ. ಈ ಮೂರಕ್ಕೂ ಬೆಲೆ ಸಿಗುವುದು ಕೈಕೆಲಸದ ಪರೀಕ್ಷೆಯಲ್ಲಿ ಮಾತ್ರ. ಡಂಪಿನಿಂದ ಆ ಪರೀಕ್ಷೆಯ ಮರ್ಯಾದೆ ಹೋದರೆ ಮೊದಲ ನಷ್ಟ ನಮ್ಮ ಹುಡುಗನಿಗೇ. ಆಮೇಲೆ ಕಂಪನಿಯವರು ಮತ್ತೆ ಕಾಲೇಜಿನ ಹೆಸರು, ಇಂಗ್ಲಿಷಿನ ಠೀವಿ ಮತ್ತು ಶಿಫಾರಸು ನೋಡಿಯೇ ಆಳು ಆರಿಸುತ್ತಾರೆ.

ಎರಡನೇ ಉತ್ತರ: "ಹೇಗೋ ಒಂದು ನಂಬರ್ ಸಿಕ್ಕರೆ ಸಾಕು, ಕೆಲಸ ಆಮೇಲೆ ಕಲೀತಾನೆ." ಗೆಳೆಯರನ್ನು ಇದನ್ನೇ ಕೇಳಿದೆ. ಅವರು ನಕ್ಕರು. ಸಂದರ್ಶನದಲ್ಲಿ ಬೋರ್ಡಿನ ಮೇಲೆ ಒಂದು ನಕ್ಷೆ ಬರೆದು "ಇಲ್ಲಿ ಕೆಟ್ಟಿದೆ, ಏನು ನೋಡ್ತೀಯ" ಅಂತ ಕೇಳಿದರೆ ಐದು ನಿಮಿಷದಲ್ಲಿ ಬಣ್ಣ ಬಯಲಾಗುತ್ತದಂತೆ. ಅಲ್ಲಿಯೂ ತಪ್ಪಿಸಿಕೊಂಡು ಕೆಲಸಕ್ಕೆ ಸೇರಿದ ಅಂತಿಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯದ್ದೋ ಬ್ಯಾಂಕಿನದ್ದೋ ನೆಟ್‌ವರ್ಕ್ ಬಿದ್ದಾಗ ಫೋನ್ ಬರುವುದು ಅವನಿಗೆ. ಸಿಸಿಐಇ ಅಲ್ಲವಾ, ದೊಡ್ಡ ಸಂಬಳ ಅಲ್ಲವಾ. ಆಗ ಯಾವ ಡಂಪ್ ತೆರೆಯುತ್ತಾನೆ?

ಈಗ ಕಷ್ಟದ ಮಾತು. ತಪ್ಪೆಲ್ಲ ಕೋಚಿಂಗ್ ಕೇಂದ್ರದ್ದಲ್ಲ. ಅವರು ನಮ್ಮ ಹಳೆ ರೋಗದ ಮೇಲೆ ಅಂಗಡಿ ಇಟ್ಟಿದ್ದಾರೆ, ಅಷ್ಟೇ. "ಪ್ರಾಕ್ಟಿಕಲ್" ಎಂಬ ಪದದ ಅರ್ಥ ನಮ್ಮ ಕಾಲೇಜುಗಳಲ್ಲಿ ಯಾವತ್ತೋ ಸತ್ತಿದೆ. ರೆಕಾರ್ಡ್ ಬುಕ್ ಸೀನಿಯರ್‌ನದ್ದು ನೋಡಿ ಬರೆದರಾಯಿತು. ಪರೀಕ್ಷೆ ದಿನ ಹತ್ತು ಜನಕ್ಕೆ ಒಂದು ಮಿಷನ್, ಅದರಲ್ಲೂ ಒಬ್ಬ ಮುಟ್ಟುತ್ತಾನೆ, ಒಂಬತ್ತು ಜನ ನೋಡುತ್ತಾರೆ. ಹೊರಗಿನಿಂದ ಬಂದ ಪರೀಕ್ಷಕರಿಗೆ ಊಟದ ವ್ಯವಸ್ಥೆ ಚೆನ್ನಾಗಿದ್ದರೆ ಎಲ್ಲರೂ ಫಸ್ಟ್ ಕ್ಲಾಸ್. ನಾನೂ ಡಿಪ್ಲೊಮಾದವನೇ. ವರದಿಗಾರಿಕೆ ಪತ್ರಿಕೆಯಲ್ಲಿ ಒಳ್ಳೆ ಅಂಕ ತೆಗೆದೆ, ಒಂದೇ ಒಂದು ಗ್ರಾಮಸಭೆಯಲ್ಲಿ ಕೂತು ವರದಿ ಮಾಡದೆ. ಮೊದಲ ದಿನ ಕೆಲಸಕ್ಕೆ ಹೋದಾಗ ನನ್ನ ಸರ್ಟಿಫಿಕೇಟ್ ಎಷ್ಟು ಹಗುರ ಅಂತ ಗೊತ್ತಾಯಿತು. ಹೀಗೆ ಬೆಳೆದ ನಮಗೆ ಯಾರಾದರೂ "90 ದಿನ, ಗ್ಯಾರಂಟಿ" ಅಂದರೆ ಅನುಮಾನವೇ ಬರುವುದಿಲ್ಲ. ನಮಗೆ ಗೊತ್ತಿರುವ ಪರೀಕ್ಷೆ ಅಂದರೆ ಅದೇ ಅಲ್ಲವಾ.

ಇದರ ಫಲ ನಮ್ಮೂರಲ್ಲೇ ಕಾಣುತ್ತದೆ. ನಾನು ಸುದ್ದಿಗೆ ಹೋಗುವ ಒಂದು ಪಂಚಾಯಿತಿಯಲ್ಲಿ ಹನ್ನೊಂದು ದಿನ ನೆಟ್ ಇರಲಿಲ್ಲ. ಪಿಂಚಣಿ ಅರ್ಜಿ ಹಿಡಿದು ಬಂದ ಅಜ್ಜಿಯರನ್ನು ಹೋಬಳಿಗೆ ಹೋಗಿ ಅಂತ ಕಳಿಸುತ್ತಿದ್ದರು. ಹೋಗಿ ಬರಲು ಬಸ್ಸಿಗೆ ಅರ್ಧ ದಿನದ ಕೂಲಿ. ಹನ್ನೆರಡನೇ ದಿನ ಎಂಜಿನಿಯರ್ ಬಂದ. ಕರೆಂಟ್ ಹೋಗಿ ಬಂದಾಗ ಪೆಟ್ಟಿಗೆಯ ಸೆಟ್ಟಿಂಗ್ ಅಳಿಸಿಹೋಗಿತ್ತು. ಹಿಂದೆ ಯಾರೋ ಸೆಟ್ ಮಾಡಿದವನು ಅದನ್ನು ಸೇವ್ ಮಾಡಿರಲಿಲ್ಲ. ಇಂಥ ಪೆಟ್ಟಿಗೆಯಲ್ಲಿ ಸದ್ಯಕ್ಕೆ ಓಡುತ್ತಿರುವ ಸೆಟ್ಟಿಂಗ್ ಬೇರೆ, ಮತ್ತೆ ಆನ್ ಆದಾಗ ಓದಿಕೊಳ್ಳುವ ಸೆಟ್ಟಿಂಗ್ ಬೇರೆ. ಮೊದಲನೆಯದನ್ನು ಎರಡನೆಯದಕ್ಕೆ ಬರೆದಿಡಲು ಒಂದೇ ಒಂದು ಕಮಾಂಡ್ ಸಾಕು. ಲ್ಯಾಬಿನಲ್ಲಿ ಕೈಯಿಂದ ಕಲಿತವನು ಮೊದಲ ವಾರವೇ ಈ ತಪ್ಪು ಮಾಡಿ, ತನ್ನ ಕೆಲಸ ಎಲ್ಲ ಕಳಕೊಂಡು, ಜನ್ಮದಲ್ಲಿ ಮರೆಯುವುದಿಲ್ಲ.

ಆ ಪಂಚಾಯಿತಿಯ ಕಂಪ್ಯೂಟರ್ ಆಪರೇಟರ್ ಕೂಡ ಡಿಪ್ಲೊಮಾ ಮಾಡಿದವನು. ಅವನ ತಪ್ಪು ಅಂತ ನಾನು ಹೇಳುವುದಿಲ್ಲ. ಮೂರು ವರ್ಷದ ಓದಿನಲ್ಲಿ ಅವನಿಗೆ ಯಾರೂ ಅಂಥ ಪೆಟ್ಟಿಗೆ ಮುಟ್ಟಲು ಬಿಟ್ಟಿರಲಿಲ್ಲ. ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲೇ ಒಪ್ಪಿಗೆ ಕೊಟ್ಟಿತು. ತಂತಿ ಎಳೆಯುವುದಕ್ಕೆ ಯೋಜನೆ ಇದೆ. ತಂತಿ ಕಾಯುವ ಕೈಗಳನ್ನು ಹಳ್ಳಿಯಲ್ಲೇ ತಯಾರು ಮಾಡುವ ಯೋಜನೆ ಎಲ್ಲಿದೆ?

ಸಿಸ್ಕೊ ಕಂಪನಿಯವರಿಗೂ ಒಂದು ಮಾತು ಹೇಳಬೇಕು. ಪರೀಕ್ಷೆ ಕಷ್ಟ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಪರೀಕ್ಷೆಯ ಕಷ್ಟವೇ ಬೇರೆ, ಬಾಗಿಲ ಟಿಕೆಟ್ಟಿನ ಕಷ್ಟವೇ ಬೇರೆ. ಅಮೆರಿಕದ ಎಂಜಿನಿಯರನಿಗೂ 1,600 ಡಾಲರ್, ನಮ್ಮ ರೈತನ ಮಗನಿಗೂ 1,600 ಡಾಲರ್. ಅವನಿಗೆ ಕೆಲವು ದಿನದ ಸಂಬಳ, ನಮಗೆ ಒಂದು ಜೊತೆ ಎತ್ತು. ಈ ಶುಲ್ಕದ ಹೆದರಿಕೆಯೇ ಡಂಪ್ ಮಾರುವವನಿಗೆ ಬಂಡವಾಳ. "ಫೇಲಾದ್ರೆ ಇಷ್ಟು ದುಡ್ಡು ಹೋಗುತ್ತೆ, ಯಾಕೆ ರಿಸ್ಕು" ಅಂತಲೇ ಅವನು ಮಾತು ಶುರು ಮಾಡುವುದು. ದೇಶಕ್ಕೆ ತಕ್ಕ ಶುಲ್ಕ ಇಟ್ಟರೆ ಅರ್ಧ ಡಂಪ್ ಅಂಗಡಿ ತಾನಾಗಿ ಮುಚ್ಚುತ್ತದೆ.

ನಮ್ಮ ಸರ್ಕಾರಕ್ಕೆ ಕೇಳುವುದು ಇನ್ನೂ ಸರಳ. ಪ್ರತಿ ತಾಲ್ಲೂಕಿನಲ್ಲಿ, ಪಾಲಿಟೆಕ್ನಿಕ್ಕೋ ಐಟಿಐಯೋ ಇರುವ ಕಡೆ, ಒಂದು ಕೋಣೆ ಕೊಡಿ. ನಾಲ್ಕು ಹಳೆ ರೂಟರ್, ನಾಲ್ಕು ಸ್ವಿಚ್. ಹೊಸದೇ ಬೇಕಿಲ್ಲ, ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಹಳೆ ಸಾಮಾನಿಗೆ ಬರವಿಲ್ಲ. ವರ್ಷದ ಕೊನೆಗೆ ಹುಡುಗರನ್ನು ಒಬ್ಬೊಬ್ಬರನ್ನೇ ಕೂರಿಸಿ, ಕೆಡಿಸಿಟ್ಟ ನೆಟ್‌ವರ್ಕ್ ಕೊಟ್ಟು, ಸರಿ ಮಾಡಲು ಹೇಳಿ. ಪ್ರಶ್ನೆ ಕನ್ನಡದಲ್ಲಿರಲಿ, ಕಮಾಂಡ್ ಇಂಗ್ಲಿಷಿನಲ್ಲಿರಲಿ. ಓಡಿತಾ ಪಾಸು, ಓಡಲಿಲ್ಲವಾ ಮತ್ತೆ ಬಾ. ಹಾಜರಿಗೆ ಸರ್ಟಿಫಿಕೇಟ್ ಕೊಡುವ ಕೌಶಲ ತರಬೇತಿಗಳನ್ನು ಸಾಕಷ್ಟು ನೋಡಿದ್ದಾಗಿದೆ.

ಅಲ್ಲಿಯವರೆಗೆ ಹುಡುಗ ಏನು ಮಾಡಬೇಕು? ಇದನ್ನೇ ಆ ರೈತರಿಗೂ ಹೇಳಿದೆ, ನಿಮಗೂ ಹೇಳುತ್ತೇನೆ.

ಸಿಸಿಐಇ ಮೊದಲ ಮೆಟ್ಟಿಲಲ್ಲ, ಮಾಳಿಗೆ. ಅನುಭವ ಇದ್ದವರು ಏರುವ ಜಾಗ. ಮೊದಲ ಮೆಟ್ಟಿಲು ಸಿಸಿಎನ್‌ಎ. ಅದಕ್ಕೆ ಬೇಕಾದ ಅಭ್ಯಾಸ ಮಾಡಲು ಪ್ಯಾಕೆಟ್ ಟ್ರೇಸರ್ ಎಂಬ ಸಾಫ್ಟ್‌ವೇರನ್ನು ಸಿಸ್ಕೊ ತನ್ನ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದವರಿಗೆ ಪುಕ್ಕಟೆ ಕೊಡುತ್ತದೆ. ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅದರಲ್ಲಿ ರೂಟರ್ ಎಳೆದಿಟ್ಟು, ತಂತಿ ಜೋಡಿಸಿ, ಸೆಟ್ ಮಾಡಿ ನೋಡಬಹುದು. ಇನ್ನೂ ಮುಂದೆ ಹೋಗುವವರಿಗೆ ಜಿಎನ್‌ಎಸ್3 ಎಂಬುದಿದೆ, ಅದಕ್ಕೂ ದುಡ್ಡಿಲ್ಲ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಪಂಚಾಯಿತಿ ಗ್ರಂಥಾಲಯ, ಅಂದರೆ ಅರಿವು ಕೇಂದ್ರದ ಕಂಪ್ಯೂಟರಿನಲ್ಲಿ ಅದನ್ನು ಹಾಕಿಕೊಡಿ ಅಂತ ಪಿಡಿಒಗೆ ಅರ್ಜಿ ಬರೆಯಿರಿ. ಬರೆಯಲು ಬಾರದಿದ್ದರೆ ನಮ್ಮ ಬಳಗದವರಿಗೆ ಹೇಳಿ, ನಾವು ಬರೆದುಕೊಡುತ್ತೇವೆ.

ಯಾವುದೇ ಕೇಂದ್ರಕ್ಕೆ ದುಡ್ಡು ಕಟ್ಟುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಒಂದು, ಪಾಠ ಹೇಳುವವರ ಸಿಸಿಐಇ ನಂಬರ್ ಎಷ್ಟು, ಅದು ಈಗಲೂ ಚಾಲ್ತಿಯಲ್ಲಿದೆಯಾ? ಎರಡು, ನನ್ನ ಮಗ ದಿನಕ್ಕೆ ಎಷ್ಟು ಗಂಟೆ ಒಬ್ಬನೇ ಲ್ಯಾಬಿನಲ್ಲಿ ಕೂರುತ್ತಾನೆ? ಮೂರು, ಪರೀಕ್ಷಾ ಶುಲ್ಕ ಯಾರು ಕಟ್ಟುತ್ತಾರೆ? ನಾಲ್ಕು, ಈ ಗ್ಯಾರಂಟಿಯನ್ನು ಛಾಪಾ ಕಾಗದದ ಮೇಲೆ ಬರೆದುಕೊಡುತ್ತೀರಾ? ನಾಲ್ಕನೇ ಪ್ರಶ್ನೆಗೆ ಫೋನ್ ಕಟ್ ಆದರೆ ನಿಮ್ಮ ದುಡ್ಡು ಉಳಿಯಿತು ಅಂದುಕೊಳ್ಳಿ.

ಮೊನ್ನೆ ಆ ರೈತರು ಮತ್ತೆ ಫೋನ್ ಮಾಡಿದ್ದರು. ನಾಲ್ಕನೇ ಪ್ರಶ್ನೆ ಕೇಳಿದ್ದಕ್ಕೆ ಆ ಕಡೆಯವರು "ನಿಮಗೆ ನಂಬಿಕೆ ಇಲ್ಲದಿದ್ರೆ ಬಿಡಿ" ಅಂದರಂತೆ. ಬಿಟ್ಟರು. ಮಗ ಮೂರು ದಿನ ಊಟ ಬಿಟ್ಟು ಮುನಿಸಿಕೊಂಡಿದ್ದ, ಈಗ ಅಕ್ಕನ ಮಗಳ ಹಳೆ ಲ್ಯಾಪ್‌ಟಾಪ್ ತಂದು ಏನೋ ಜೋಡಿಸುತ್ತಾ ಕೂರುತ್ತಾನಂತೆ.

"ಏನೋ ಕೆಟ್ಟೋಗದೆ ಅಂತಾನೆ ಸಾರ್, ರಾತ್ರಿಯೆಲ್ಲ ಅದನ್ನೇ ಹುಡುಕ್ತಾ ಕೂತವ್ನೆ."

ಕೂರಲಿ ಬಿಡಿ ಅಂದೆ. ಅವನ ಪರೀಕ್ಷೆ ಶುರುವಾಗಿದೆ.